ಹಾಳೂರು: ಹುನಗುಂದ, ಬಾದಾಮಿ ಸೀಮೆಯ ನಿರ್ಜನ ಗ್ರಾಮಗಳು

ಒಂದು ಕಾಲಕ್ಕೆ ಮನೆ, ಗುಡಿ, ಬಾವಿ, ಅಗಸಿಯೆಲ್ಲ ಇದ್ದು, ಅನಂತರ ಜನ ಪೂರ್ತಿಯಾಗಿ ಬಿಟ್ಟುಹೋದ, ಆದರೆ ಹೆಸರೂ ಎಲ್ಲೆಯೂ ಅಳಿಯದೆ ಉಳಿದ ಗ್ರಾಮವನ್ನು ಉತ್ತರ ಕರ್ನಾಟಕದಲ್ಲಿ ಹಾಳೂರು ಎನ್ನುತ್ತಾರೆ. ಕಂದಾಯ ಇಲಾಖೆಯ ಕಡತದಲ್ಲಿ ಇಂಥದ್ದು ಬೇಚರಾಕ್ ಗ್ರಾಮ. ಅದಕ್ಕೆ ನಕ್ಷೆ ಇರುತ್ತದೆ, ಸರ್ವೆ ನಂಬರುಗಳಿರುತ್ತವೆ, ಪಹಣಿ ಬರುತ್ತದೆ, ಹೊಲ ಮಾರುವವರೂ ಕೊಳ್ಳುವವರೂ ಇರುತ್ತಾರೆ. ಒಲೆ ಹೊತ್ತಿಸುವ ಮನೆ ಮಾತ್ರ ಒಂದೂ ಇರುವುದಿಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 29,340 ಗ್ರಾಮಗಳನ್ನು ಲೆಕ್ಕಕ್ಕೆ ಹಿಡಿದು, ಅವುಗಳಲ್ಲಿ 1,943 ನಿರ್ಜನ ಎಂದು ನಮೂದಿಸಿದೆ. ಸರಿಸುಮಾರು ಹದಿನೈದು ಊರಿಗೆ ಒಂದು. ಇವೆಲ್ಲವೂ ಹಳೆಯ ಕಾಲದ ಹಾಳೂರುಗಳಲ್ಲ. ಕಾಡಿಗೆ ಸೇರಿದವು, ಅಣೆಕಟ್ಟಿನ ನೀರಿನಡಿ ಹೋದವು ಕೂಡ ಈ ಲೆಕ್ಕದಲ್ಲಿವೆ. ಪ್ರಸ್ತುತ ಲೇಖನ ಬಾಗಲಕೋಟೆ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳ ಸೀಮೆಯನ್ನು ಮುಖ್ಯವಾಗಿಟ್ಟುಕೊಂಡು, ಮಧ್ಯಯುಗದಿಂದ ಈಚೆಗೆ ಊರುಗಳು ಹೇಗೆ ಬರಿದಾದವು ಎಂಬುದನ್ನು ವಿವರಿಸುತ್ತದೆ.

ಯುರೋಪಿನ ಇತಿಹಾಸ ಓದಿದವರಿಗೆ ನಿರ್ಜನ ಗ್ರಾಮ ಎಂದೊಡನೆ ಕುರಿ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ಜಮೀನ್ದಾರರು ಉಣ್ಣೆಯ ಲಾಭಕ್ಕಾಗಿ ಉಳುವ ಹೊಲಗಳಿಗೆ ಬೇಲಿ ಹಾಕಿ, ಒಕ್ಕಲನ್ನು ಎಬ್ಬಿಸಿ, ಕುರಿ ಬಿಟ್ಟರು. ಹುನಗುಂದ ಸೀಮೆಯಲ್ಲಿಯೂ ಹಾಳೂರಿಗೂ ಕುರಿಗೂ ನಂಟಿದೆ, ಆದರೆ ಅದರ ಕ್ರಮ ತಿರುಗುಮುರುಗು. ಇಲ್ಲಿ ಮೊದಲು ಊರು ಬರಿದಾಯಿತು, ಕುರಿ ಆಮೇಲೆ ಬಂತು. ಬೇಲಿಯೂ ಇಲ್ಲಿ ತಡವಾಗಿ ಬಂತು, ಅದೂ ಕುರಿಯ ಪರವಾಗಿ ಬರಲಿಲ್ಲ.

ನೆಲ ಮತ್ತು ನೀರು

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರು ನದಿಗಳು ಜಿಲ್ಲೆಯಲ್ಲಿ ಹರಿದರೂ ಮಳೆಯ ಮಟ್ಟಿಗೆ ಇದು ಬಡ ಸೀಮೆ. ವರ್ಷದ ಸರಾಸರಿ ಮಳೆ 560 ಮಿ.ಮೀ. ಆಸುಪಾಸಿನದು, ಅದೂ ನಂಬುವಂಥದ್ದಲ್ಲ. ನೆಲ ಎರಡು ಬಗೆ. ಬಾದಾಮಿ, ಗುಳೇದಗುಡ್ಡ, ಐಹೊಳೆಯ ಮರಳುಗಲ್ಲಿನ ಗುಡ್ಡಗಳ ಬುಡದಲ್ಲಿ ಮಸಾರಿ, ಎಂದರೆ ಕೆಂಪು ಮಣ್ಣು. ಹುನಗುಂದದ ಬಯಲಿನಲ್ಲಿ, ನದಿಗಳ ಇಕ್ಕೆಲದಲ್ಲಿ ಎರೆ, ಎಂದರೆ ಕಪ್ಪು ಮಣ್ಣು. ಎರೆ ಹೊಲ ಹಿಂಗಾರಿ ಬಿಳಿಜೋಳಕ್ಕೆ, ಕಡಲೆಗೆ, ಕುಸುಬಿಗೆ ಒಳ್ಳೆಯದು. ಆದರೆ ಎರೆ ಸೀಮೆಯಲ್ಲಿ ಬಾವಿ ತೋಡುವುದು ಕಷ್ಟ, ತೋಡಿದರೂ ನೀರು ಬಹಳ ಕಡೆ ಸವಳು. ಹೀಗಾಗಿ ಊರುಗಳು ಹಳ್ಳದ ದಂಡೆ ಹಿಡಿದು, ಸಿಹಿನೀರಿನ ಒಂದು ಬಾವಿಯನ್ನೋ ಒರತೆಯನ್ನೋ ನೆಚ್ಚಿಕೊಂಡು ಬೆಳೆದವು. ಆ ಒಂದು ಬಾವಿ ಬತ್ತಿದರೆ, ಇಲ್ಲವೆ ಹಳ್ಳ ತನ್ನ ದಾರಿ ಬದಲಿಸಿದರೆ, ಫಲವತ್ತಾದ ಹೊಲವಿದ್ದೂ ಊರಿನಲ್ಲಿ ಇರಲಾಗದು. ಹೊಲ ಬಿಟ್ಟುಕೊಡದೆ ಮನೆಯನ್ನು ಮಾತ್ರ ಪಕ್ಕದ ಊರಿಗೆ ಒಯ್ದವರು ಈ ಸೀಮೆಯಲ್ಲಿ ಬಹಳ. ಬೇಚರಾಕ್ ಗ್ರಾಮದ ಪಹಣಿಯಲ್ಲಿ ಇಂದಿಗೂ ಪಕ್ಕದೂರಿನವರ ಹೆಸರುಗಳೇ ತುಂಬಿರುವುದಕ್ಕೆ ಇದೊಂದು ಕಾರಣ.

ನೆಲೆ ನಿಲ್ಲುವುದು, ಬಿಡುವುದು ಇಲ್ಲಿ ಹೊಸತಲ್ಲ. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ಅಗೆದು ತೋರಿಸಿದ ಬೂದಿದಿಬ್ಬ ನವಶಿಲಾಯುಗದ ದನದ ದೊಡ್ಡಿಯ ಸಗಣಿ ಸುಟ್ಟು ಉಂಟಾದದ್ದು. ಸುಮಾರು 4,000 ವರ್ಷಗಳ ಹಿಂದಿನದು. ದನ ಕಾಯುವವರು ಅಲ್ಲಿ ನೆಲೆಸಿ, ಆಮೇಲೆ ಬಿಟ್ಟುಹೋದರು. ಐಹೊಳೆಯ ಮೇಗುತಿ ಗುಡ್ಡದ ಹಿಂಬದಿಯಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ, ಅದೇ ಗುಡ್ಡದ ಮೇಲೆ 634ರ ರವಿಕೀರ್ತಿಯ ಶಾಸನವಿರುವ ಜಿನಾಲಯವಿದೆ.

ಗುರುತುಗಳು

ಹಾಳೂರನ್ನು ಗುರುತಿಸುವುದಕ್ಕೆ ಪುರಾತತ್ತ್ವದ ಪದವಿ ಬೇಕಾಗಿಲ್ಲ. ಕರಿಯ ಹೊಲದ ನಡುವೆ ಬೂದುಬಣ್ಣದ ಮಣ್ಣಿನ ಒಂದು ದಿಬ್ಬ ಕಂಡರೆ, ಅದರ ಮೇಲೆ ಬೋಕಿ ಚೂರು, ಬಳೆಯ ತುಂಡು, ಸವೆದ ಒರಳು ಬಿದ್ದಿದ್ದರೆ, ಅಲ್ಲಿ ಊರಿತ್ತು. ತಲೆಮಾರುಗಟ್ಟಲೆ ಒಲೆಯ ಬೂದಿ, ಸಗಣಿ, ಕುಸಿದ ಮಣ್ಣಿನ ಗೋಡೆ ಎಲ್ಲ ಬೆರೆತು ಆದ ಮಣ್ಣು ಅದು. ರೈತರು ಇದನ್ನು ಗೊಬ್ಬರವೆಂದು ಚಕ್ಕಡಿಗಟ್ಟಲೆ ತೋಡಿ ಒಯ್ಯುತ್ತ ಬಂದಿದ್ದಾರೆ, ಆದ್ದರಿಂದ ಎಷ್ಟೋ ಹಾಳೂರುಗಳ ದಿಬ್ಬ ಇಂದು ನೆಲಸಮವಾಗಿದೆ. ಊರಿನ ಇತಿಹಾಸವನ್ನೇ ಹೊಲಕ್ಕೆ ಚೆಲ್ಲಿದಂತಾಯಿತು. ಪುರಾತತ್ತ್ವ ಇಲಾಖೆ ಗುಡಿಗಳಿಗೆ ಬೇಲಿ ಹಾಕಿದಷ್ಟು ಕಾಳಜಿಯಿಂದ ಇಂಥ ದಿಬ್ಬಗಳ ಕಡೆ ನೋಡಿಲ್ಲ. ಚಾಲುಕ್ಯರ ಗುಡಿಯ ಒಂದೊಂದು ಕಂಬಕ್ಕೂ ಲೇಖನಗಳಿವೆ, ಆ ಗುಡಿಗೆ ದವಸ ಕೊಟ್ಟ ಒಕ್ಕಲಿನ ಮನೆ ಎಂಥದಿತ್ತು ಎಂದು ಅಗೆದು ನೋಡಿದ್ದು ತೀರ ಕಡಿಮೆ.

ಉಳಿದ ಗುರುತುಗಳಲ್ಲಿ ಮುಖ್ಯವಾದದ್ದು ಹನುಮಪ್ಪನ ಗುಡಿ. ಜನ ಊರು ಬಿಡುವಾಗ ಸಾಮಾನು ಹೊತ್ತರು, ಕೆಲವೊಮ್ಮೆ ಬಾಗಿಲು, ತೊಲೆಗಳನ್ನೂ ಕಿತ್ತೊಯ್ದರು. ದೇವರನ್ನು ಮಾತ್ರ ಅಲ್ಲೇ ಬಿಟ್ಟರು. ಊರೇ ಇಲ್ಲದ ಕಡೆ, ಹೊಲದ ನಡುವೆ, ಬೇವಿನ ಗಿಡದ ಕೆಳಗೆ ಒಂಟಿ ಹನುಮಪ್ಪ ನಿಂತಿದ್ದರೆ ಅದು ಬಹುಮಟ್ಟಿಗೆ ಹಾಳೂರಿನ ಅಗಸಿಯ ಜಾಗ. ಶ್ರಾವಣದ ಶನಿವಾರಗಳಲ್ಲಿ ಅಲ್ಲಿಗೆ ಎಣ್ಣೆ, ಕಾಯಿ ಒಯ್ಯುವ ಮನೆತನಗಳನ್ನು ವಿಚಾರಿಸಿದರೆ, ಅವರ ಹಿರಿಯರು ಆ ಊರಿನವರೇ ಆಗಿರುತ್ತಾರೆ. ಇದಲ್ಲದೆ ನೆಲದೊಳಗಿನ ಹಗೇವುಗಳು ಸಿಗುತ್ತವೆ. ಜೋಳ ತುಂಬಿಡುತ್ತಿದ್ದ ಈ ಗುಂಡಿಗಳ ಬಾಯಿ ಬಿತ್ತನೆ ಹೊತ್ತಿನಲ್ಲಿ ಎತ್ತಿನ ಕಾಲಡಿ ಕುಸಿದು ಬಯಲಾಗುವುದುಂಟು. ಗಾಣದ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು, ಊರ ಮುಂದಿನ ಕರಿಗಲ್ಲು, ಕೆಲವೆಡೆ ಕಾವಲಿಗೆ ಕಟ್ಟಿದ ದುಂಡನೆಯ ಹುಡೇವು ಕೂಡ ಉಳಿದಿವೆ.

ಹೆಸರು ಉಳಿಯುವ ಇನ್ನೊಂದು ಜಾಗ ಮನೆತನದ ಅಡ್ಡಹೆಸರು. ಈ ಭಾಗದಲ್ಲಿ ಊರು ಬಿಟ್ಟು ಬಂದವರಿಗೆ ಬಿಟ್ಟ ಊರಿನ ಹೆಸರೇ ಅಂಟುತ್ತದೆ. ಹುನಗುಂದದಲ್ಲಿ ಇರುವವರಿಗೆ ಹುನಗುಂದ ಎಂಬ ಅಡ್ಡಹೆಸರು ಬರುವುದಿಲ್ಲ, ಅಲ್ಲಿಂದ ಹೋಗಿ ಗದಗಿನಲ್ಲಿ ನೆಲೆಸಿದವರಿಗೆ ಬರುತ್ತದೆ. ಹಾಗೆಯೇ ನಕ್ಷೆಯಲ್ಲಿ ಬೇಚರಾಕ್ ಎಂದಿರುವ ಊರು ನಾಲ್ಕಾರು ಮನೆತನಗಳ ಹೆಸರಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಬದುಕಿರುತ್ತದೆ.

ಬರಿದಾದ ಬಗೆ

ಕಾರಣ ಕೇಳಿದರೆ ಸುತ್ತಲ ಊರುಗಳಲ್ಲಿ ಸಿಗುವ ಉತ್ತರಗಳು ಕೆಲವೇ. ಮಾರಿ ಬೇನೆ ಬಂತು, ಕಳ್ಳರ ಕಾಟ, ಇರುವೆಯ ಕಾಟ, ಯಾವನೋ ಸಾಧುವಿಗೆ ಭಿಕ್ಷೆ ಹಾಕದೆ ಶಾಪ ತಟ್ಟಿತು. ಕಥೆಯ ಸಿಪ್ಪೆ ಸುಲಿದರೆ ಒಳಗೆ ರೋಗ, ಲೂಟಿ, ಬರ ಇವೇ ಕಾಣುತ್ತವೆ.

ಕಲ್ಯಾಣ ಚಾಲುಕ್ಯರ, ಅವರ ನಂತರದವರ ಕಾಲದ ಶಾಸನಗಳಲ್ಲಿ ನಾಡುಗಳನ್ನು ಊರಿನ ಎಣಿಕೆಯೊಂದಿಗೆ ಹೇಳುವ ರೂಢಿಯಿತ್ತು. ಪಟ್ಟದಕಲ್ಲಿನ ಸುತ್ತಿನದು ಕಿಸುಕಾಡು-70, ಬಾಗಲಕೋಟೆಯ ಸುತ್ತಿನದು ಬಾಗಡಗೆ-70, ಬಾದಾಮಿ ಬಳಿಯ ಕೆಲವಡಿಯದು ಕೆಲವಡಿ-300. ಈ ಸಂಖ್ಯೆಗಳು ಎಷ್ಟರಮಟ್ಟಿಗೆ ನಿಜವಾದ ಊರಿನ ಲೆಕ್ಕ ಎಂಬ ವಾದ ವಿದ್ವಾಂಸರಲ್ಲಿದೆ. ಆದರೆ ನಾಡನ್ನು ಅಳೆಯುವ ಮಾನದಂಡ ಊರು ಎಂಬುದರಲ್ಲಿ ವಾದವಿಲ್ಲ. ಅದೇ ಕಾಲದ ವೀರಗಲ್ಲುಗಳಲ್ಲಿ ಊರಳಿವು ಎಂಬ ಮಾತು ಬರುತ್ತದೆ. ತುರು ಕವಿಯುವುದು, ಹೆಣ್ಣುಮಕ್ಕಳ ಮೇಲೆ ಕೈಮಾಡುವುದು, ಊರನ್ನೇ ಹಾಳುಗೆಡಹುವುದು ಇವು ಅಂದಿನ ಗಡಿಜಗಳಗಳ ನಿತ್ಯದ ಸಂಗತಿಗಳು. ಊರಳಿವಿನಲ್ಲಿ ಹೋರಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದವರು ಯಾರಾದರೂ ಉಳಿದಿದ್ದರು ಎಂದರೆ ಆ ಊರು ಮತ್ತೆ ಚೇತರಿಸಿಕೊಂಡಿತೆಂದೇ ಅರ್ಥ. ಚೇತರಿಸಿಕೊಳ್ಳದ ಊರಿನ ಕಲ್ಲು ನಿಲ್ಲಿಸುವವರಾದರೂ ಯಾರು?

ಬರಗಳು ಇದಕ್ಕಿಂತ ದೊಡ್ಡ ಹೊಡೆತ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ಹನ್ನೆರಡು ವರ್ಷ ನಡೆಯಿತೆಂದು ಹೇಳುವ ದುರ್ಗಾದೇವಿ ಬರ ದಖ್ಖನಿನ ಎಷ್ಟೋ ಸೀಮೆಗಳನ್ನು ನಿರ್ಜನ ಮಾಡಿತು. 1630-32ರ ಬರ ಆದಿಲಶಾಹಿಯ ಕಾಲದ್ದು. 1791-92ರದು ಡೋಗಿ ಬರ, ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಿನಲ್ಲಿ ಬಿದ್ದಿದ್ದವೆಂದು ಹೆಸರಾದದ್ದು. ಆ ಹೊತ್ತಿಗೆ ಈ ಸೀಮೆ ಯುದ್ಧದಿಂದಲೂ ಬಸವಳಿದಿತ್ತು. 1786ರಲ್ಲಿ ಮರಾಠರೂ ನಿಜಾಮನೂ ಸೇರಿ ಬಾದಾಮಿಯ ಕೋಟೆಯನ್ನು ಟಿಪ್ಪುವಿನ ಕೈಯಿಂದ ಕಿತ್ತುಕೊಂಡರು. 1818ರಲ್ಲಿ ಥಾಮಸ್ ಮನ್ರೋ ಅದನ್ನು ಪೇಶ್ವೆಯ ಕಡೆಯವರಿಂದ ತೆಗೆದುಕೊಂಡ. ನಡುವೆ ಪೆಂಢಾರಿಗಳ ಹಾವಳಿ. ಅಂದಿನ ದಂಡು ತನ್ನ ಜೊತೆ ಕಾಳು ಒಯ್ಯುತ್ತಿದ್ದದ್ದು ಕಡಿಮೆ, ದಾರಿಯ ಊರುಗಳ ಹಗೇವೇ ಅದರ ಉಗ್ರಾಣ. ಬಿತ್ತನೆಯ ಬೀಜ ಹೋದ ಊರು ಮುಂದಿನ ಮಳೆಗೆ ಕಾಯುವುದರಲ್ಲಿ ಅರ್ಥವಿರಲಿಲ್ಲ.

ಸಂಖ್ಯೆಯಲ್ಲಿ ಹಿಡಿದಿಟ್ಟ ಮೊದಲ ಬರ 1876-78ರದು. ಆಗ ಇದು ಕಲಾದಗಿ ಜಿಲ್ಲೆ. 1864ರಲ್ಲಿ ರಚನೆಯಾಗಿ, 1885ರಲ್ಲಿ ಕೇಂದ್ರ ವಿಜಯಪುರಕ್ಕೆ ಹೋಗುವವರೆಗೆ ಕಲಾದಗಿಯಿಂದಲೇ ಆಡಳಿತ ನಡೆಯುತ್ತಿತ್ತು. 1872ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 8 ಲಕ್ಷ 16 ಸಾವಿರ. 1881ರಲ್ಲಿ 6 ಲಕ್ಷ 38 ಸಾವಿರ. ಸತ್ತವರು, ಗುಳೆ ಹೋದವರು, ಹುಟ್ಟದೆ ಉಳಿದವರು ಎಲ್ಲರೂ ಈ ವ್ಯತ್ಯಾಸದಲ್ಲಿದ್ದಾರೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇಲ್ಲವಾದ ಸೀಮೆಯಲ್ಲಿ ನೂರು ಮನೆಯ ಊರು ಹೇಗೋ ಉಸಿರು ಹಿಡಿದೀತು, ಹತ್ತು ಮನೆಯ ಊರು ಹಿಡಿಯಲಾರದು. ಹಾಳೂರುಗಳು ಬಹುಪಾಲು ಇಂಥ ಸಣ್ಣ ಊರುಗಳು. ತಳವಾರ, ಕಮ್ಮಾರ, ಬಡಿಗೇರ, ಕುಂಬಾರ, ಅಗಸ ಇವರಲ್ಲಿ ಒಬ್ಬ ಬಿಟ್ಟುಹೋದರೂ ಒಕ್ಕಲುತನದ ಚಕ್ರ ನಿಲ್ಲುತ್ತಿತ್ತು. ಕುಳ ಹರಿತ ಮಾಡುವುದಕ್ಕೇ ಬೇರೆ ಊರಿಗೆ ನಡೆಯಬೇಕೆಂದರೆ ಅಲ್ಲಿಯೇ ಮನೆ ಹೂಡುವುದು ಲೇಸಲ್ಲವೆ?

ಬರ ಪರಿಹಾರದ ಕಾಮಗಾರಿಗಳು ಊರು ತೊರೆದವರನ್ನು ರಸ್ತೆ, ಕೆರೆ, ರೈಲುದಾರಿಗಳ ಕಡೆ ಎಳೆದವು. ಬಾಗಲಕೋಟೆ ಬಳಿಯ ಮುಚಖಂಡಿ ಕೆರೆ ಆ ಕಾಲಘಟ್ಟದ್ದು. ಗದಗದಿಂದ ಹೊಟಗಿಯವರೆಗಿನ ರೈಲುದಾರಿ ಬಾದಾಮಿ, ಬಾಗಲಕೋಟೆಗಳ ಮೂಲಕ ಹಾದದ್ದೂ 1880ರ ದಶಕದಲ್ಲೇ. ಹತ್ತಿ ಪೇಟೆ, ನೇಕಾರಿಕೆ, ಬಣ್ಣದ ಕೆಲಸ ಬೆಳೆದಂತೆ ಬಾಗಲಕೋಟೆ, ಗುಳೇದಗುಡ್ಡ, ಇಳಕಲ್, ಕಮತಗಿ, ಸೂಳೇಭಾವಿ ದೊಡ್ಡದಾದವು. ಟೋಪು ತೆನಿಯ ಸೀರೆ ನೇಯುವ ಇಳಕಲ್ಲಿನ ಮಗ್ಗಗಳು ನೇಕಾರರಿಗಷ್ಟೇ ಅಲ್ಲ, ನೂಲು ಸುತ್ತುವ, ಹುರಿ ಮಾಡುವ ಕೈಗಳಿಗೂ ಕೂಲಿ ಕೊಟ್ಟವು. ಆಮೇಲೆ ಪ್ಲೇಗ್ ಬಂತು. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿಕೊಂಡ ಆ ಬೇನೆ ಬೇಗನೇ ಈ ಭಾಗಕ್ಕೂ ಹಬ್ಬಿ, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಬಹಳ ಊರುಗಳಿಗೆ ಜನ ಹಿಂತಿರುಗಿದರು, ಕೆಲವಕ್ಕೆ ತಿರುಗಲಿಲ್ಲ.

ಕೌಲು

ಊರು ಬರಿದಾದರೆ ಆಳುವವನಿಗೆ ನಷ್ಟ. ದಖ್ಖನಿನಲ್ಲಿ ನೆಲಕ್ಕೆ ಬರವಿರಲಿಲ್ಲ, ಉಳುವ ಕೈಗೆ ಬರವಿತ್ತು. ಆದ್ದರಿಂದ ಆದಿಲಶಾಹಿಯ ಕಾಲದಲ್ಲೂ ಪೇಶ್ವೆಯ ಕಾಲದಲ್ಲೂ ಹಾಳುಬಿದ್ದ ಊರನ್ನು ಮತ್ತೆ ನೆಲೆಗೊಳಿಸಲು ಕೌಲು ಕೊಡುವ ಪದ್ಧತಿ ಬೆಳೆಯಿತು. ದೇಸಾಯಿಯೋ ಗೌಡನೋ ಇಂತಿಷ್ಟು ಮನೆ ತಂದು ಕೂಡಿಸುತ್ತೇನೆಂದು ಒಪ್ಪಿಕೊಂಡರೆ, ಮೊದಲ ವರ್ಷಗಳಲ್ಲಿ ಹೆಸರಿಗಷ್ಟೇ ತೆರಿಗೆ, ವರ್ಷ ವರ್ಷ ಏರುತ್ತ ಕೊನೆಗೆ ಪೂರ್ತಿ ತೆರಿಗೆ ಎಂಬ ಕರಾರು. ಹೊಸಬರಿಗೆ ಎತ್ತು, ಬೀಜಕ್ಕೆ ಮುಂಗಡವೂ ಸಿಗುತ್ತಿತ್ತು.

ಇದರ ಇನ್ನೊಂದು ಮುಖವೂ ಇದೆ. ಒಂದು ಸಂಸ್ಥಾನ ಕೌಲು ಕೊಟ್ಟು ಕರೆದ ಒಕ್ಕಲು ಇನ್ನೊಂದು ಸಂಸ್ಥಾನದಿಂದ ಓಡಿಬಂದವರೇ. ಗೌಡ ವಿಪರೀತ ಹಿಂಡಿದರೆ ಊರಿಗೆ ಊರೇ ರಾತ್ರೋರಾತ್ರಿ ಚಕ್ಕಡಿ ಹೂಡಿ ಹೊಳೆ ದಾಟುವುದು ರೈತರ ಕೈಯಲ್ಲಿದ್ದ ಬಲವಾದ ಅಸ್ತ್ರವಾಗಿತ್ತು. ಊರಿನ ಬೇರು ಆಳವಾಗಿರುತ್ತದೆಂದು ನಾವು ನಂಬಿದ್ದೇವೆ. ಹದಿನೆಂಟನೆಯ ಶತಮಾನದ ಒಕ್ಕಲಿಗ ಅಷ್ಟೇನೂ ನಂಬಿರಲಿಲ್ಲ. ಬ್ರಿಟಿಷರು ರೈತವಾರಿ ಮೋಜಣಿ ಮಾಡಿ ಒಂದೊಂದು ಹೊಲಕ್ಕೂ ನಂಬರು, ಒಂದೊಂದು ನಂಬರಿಗೂ ಹೆಸರು ಹಚ್ಚಿದ ಮೇಲೆ ಈ ಓಡಾಟ ನಿಂತಿತು. ಅಂದು ಬರಿದಾಗಿದ್ದ ಊರುಗಳೂ ಮೋಜಣಿಯಲ್ಲಿ ಬೇರೆ ಗ್ರಾಮಗಳಾಗಿಯೇ ದಾಖಲಾದವು. ಮಧ್ಯಯುಗದ ಎಷ್ಟೋ ಹೆಸರು ಇಂದಿಗೂ ಉಳಿದಿರುವುದು ಈ ಮೋಜಣಿದಾರರ ಹಟದಿಂದ.

ಇಂಗ್ಲೆಂಡಿನ ಕುರಿ, ಇಲ್ಲಿನ ಕುರಿ

ಇಂಗ್ಲೆಂಡಿನಲ್ಲಿ ಸುಮಾರು 3,000 ಮಧ್ಯಯುಗದ ನಿರ್ಜನ ಗ್ರಾಮಗಳನ್ನು ಗುರುತಿಸಲಾಗಿದೆ. ವಾರಿಕ್‌ಶೈರಿನ ಪಾದ್ರಿ ಜಾನ್ ರೌಸ್ ಹದಿನೈದನೆಯ ಶತಮಾನದಲ್ಲೇ ತನ್ನ ಸುತ್ತಿನ ಹಾಳೂರುಗಳ ಪಟ್ಟಿ ಮಾಡಿದ್ದ. ಊರು ಕೆಡವಬಾರದೆಂದು 1489ರಲ್ಲಿ ಕಾನೂನು ಬಂತು, ಅದನ್ನು ಮುರಿದವರ ಮೇಲೆ 1517ರಲ್ಲಿ ಕಾರ್ಡಿನಲ್ ವೂಲ್ಸಿ ವಿಚಾರಣೆ ನಡೆಸಿದ. ಥಾಮಸ್ ಮೋರ್ 1516ರ ತನ್ನ ‘ಯುಟೋಪಿಯಾ’ದಲ್ಲಿ ಕುರಿಗಳು ಜನರ ಬಾಳನ್ನೇ ಮೇಯುತ್ತಿವೆಯೆಂಬ ದೂರನ್ನು ದಾಖಲಿಸಿದ. ಯಾರ್ಕ್‌ಶೈರಿನ ವಾರಮ್ ಪರ್ಸಿ ಎಂಬ ಹಾಳೂರಿನಲ್ಲಿ ಮಾರಿಸ್ ಬೆರೆಸ್‌ಫೋರ್ಡ್, ಜಾನ್ ಹರ್ಸ್ಟ್ ಇಬ್ಬರೂ 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಉತ್ಖನನ ನಡೆಸಿದರು. 1348-49ರ ಮಹಾಮಾರಿಯಿಂದ ಸೊರಗಿದ್ದ ಆ ಊರಿನಿಂದ ಉಳಿದ ಕೆಲವೇ ಕುಟುಂಬಗಳನ್ನು 1500ರ ಸುಮಾರಿಗೆ ಎಬ್ಬಿಸಿ ಕುರಿ ಬಿಡಲಾಯಿತು. ಇತ್ತೀಚಿನ ಇತಿಹಾಸಕಾರರ ಒಲವು ಇರುವುದೂ ಈ ಕಡೆಗೇ: ಕುರಿ ಕೊಂದದ್ದು ಗಟ್ಟಿಮುಟ್ಟಾದ ಊರುಗಳನ್ನಲ್ಲ, ರೋಗ ಮತ್ತು ವಲಸೆಯಿಂದ ಆಗಲೇ ಅರೆಜೀವವಾಗಿದ್ದ ಊರುಗಳನ್ನು. ಗಟ್ಟಿಯಾದ ಊರುಗಳನ್ನೂ ಬಿಡದೆ ಎಬ್ಬಿಸಿದ್ದು ಮೂರು ಶತಮಾನದ ನಂತರ ಸ್ಕಾಟ್‌ಲೆಂಡಿನ ಬೆಟ್ಟಸೀಮೆಯಲ್ಲಿ.

ಹುನಗುಂದ ಸೀಮೆಯಲ್ಲಿ ಹೀಗಾಗದಿರುವುದಕ್ಕೆ ಕಾರಣಗಳನ್ನು ಹುಡುಕಬಹುದು. ಒಂದು, ಇಲ್ಲಿ ಊರಿನ ಎಲ್ಲ ಹೊಲವನ್ನು ಒಬ್ಬನೇ ಕೈಯಲ್ಲಿಟ್ಟುಕೊಂಡು ಒಕ್ಕಲೆಬ್ಬಿಸುವ ಹಕ್ಕಿದ್ದ ಜಮೀನ್ದಾರನಿರಲಿಲ್ಲ. ದೇಸಾಯಿಗೆ ಬೇಕಾದದ್ದು ತೆರಿಗೆ, ತೆರಿಗೆಗೆ ಬೇಕಾದದ್ದು ಜನ. ಇನ್ನೊಂದು, ಉಣ್ಣೆಯ ಬೆಲೆ. ಇಂಗ್ಲೆಂಡಿನ ಉಣ್ಣೆ ಕಡಲು ದಾಟಿ ಫ್ಲಾಂಡರ್ಸಿನ, ಇಟಲಿಯ ಮಗ್ಗಗಳಿಗೆ ಹೋಗುತ್ತಿತ್ತು. ದಖ್ಖನಿ ಕುರಿಯ ಕರಿಯ ಒರಟು ಉಣ್ಣೆ ಕಂಬಳಿಗಷ್ಟೇ ಸರಿ. ಹುಣಸೆ ಬೀಜದ ಗಂಜಿ ಹಚ್ಚಿ ನೇಯ್ದ ಕಂಬಳಿ ರೈತನ ಮಳೆ, ಚಳಿಗೆ ಆಗುತ್ತಿತ್ತು, ದಂಡಿಗೆ ಹೋಗುತ್ತಿತ್ತು. ಊರು ಖಾಲಿ ಮಾಡಿಸುವಷ್ಟು ಲಾಭ ಅದರಲ್ಲಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಕುರುಬನಿಗೂ ಒಕ್ಕಲಿಗನಿಗೂ ಇದ್ದ ಕೊಡುಕೊಳ್ಳುವಿಕೆ. ಮಳೆಗಾಲದಲ್ಲಿ ಎರೆ ನೆಲ ಕೆಸರಾಗಿ ಕುರಿಯ ಗೊರಸು ಕೊಳೆಯುತ್ತದೆ, ಆಗ ಹಿಂಡು ಮಸಾರಿಗೆ, ಗುಡ್ಡದ ಓರೆಗೆ ಸಾಗುತ್ತದೆ. ಹಿಂಗಾರಿ ಜೋಳದ ಕೊಯ್ಲು ಮುಗಿದ ಮೇಲೆ ಎರೆ ಹೊಲಗಳಿಗೆ ಇಳಿಯುತ್ತದೆ. ರಾತ್ರಿ ಹೊಲದಲ್ಲಿ ಕುರಿ ತರುಬಿಸಿದರೆ ಹಿಕ್ಕೆ, ಗಂಜಲ ಬಿದ್ದು ಮುಂದಿನ ಬೆಳೆಗೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ರೈತ ಜೋಳ ಅಳೆದುಕೊಡುತ್ತಿದ್ದ, ಈಗ ಬಹುಮಟ್ಟಿಗೆ ರೊಕ್ಕ ಕೊಡುತ್ತಾನೆ. ಬೇಲಿ ಹಾಕಿದ್ದರೆ ಇಬ್ಬರೂ ಕೆಡುತ್ತಿದ್ದರು.

ಈ ತಿರುಗಾಟದಲ್ಲಿ ಹಾಳೂರಿಗೆ ತನ್ನದೇ ಸ್ಥಾನವಿದೆ. ಹಳೆಯ ಗಾಂವಠಾಣದ, ಎಂದರೆ ಮನೆಗಳಿದ್ದ, ಜಾಗ ಉಳುಮೆಗೆ ಒಳಪಡದೆ ಹುಲ್ಲುಬೀಳಾಗಿ ಉಳಿಯುತ್ತಿತ್ತು. ಹತ್ತಿರದಲ್ಲೇ ಪಾಳುಬಾವಿ, ನೆರಳಿಗೆ ಬೇವು, ಬನ್ನಿ, ದಿಬ್ಬವಾದ್ದರಿಂದ ನೀರು ನಿಲ್ಲದ ಒಣ ನೆಲ. ಕುರಿ ದಡ್ಡಿ ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಎಷ್ಟೋ ಹಾಳೂರುಗಳು ಗಾಯರಾಣವೆಂದು, ಎಂದರೆ ದನಕುರಿ ಮೇಯುವ ಸಾರ್ವಜನಿಕ ಭೂಮಿಯೆಂದು, ದಾಖಲಾಗಿ, ಕುರಿಗಾರರ ವರ್ಷದ ದಾರಿಯ ತಂಗುದಾಣಗಳಾದವು. ಹಾಳೂರಿನ ಹನುಮಪ್ಪನಿಗೆ, ತಾವು ತಂಗಿದ ಕೆಲವು ದಿನ, ನಿತ್ಯ ದೀಪ ಹಚ್ಚಿದವರೂ ಕುರಿಗಾರರೇ. ಇಂದು ಈ ಭಾಗದಲ್ಲಿ ಹೆಚ್ಚು ಕಾಣುವುದು ಉಣ್ಣೆಗಿಂತ ಮಾಂಸಕ್ಕೆ ಬೆಲೆಬಾಳುವ ಯಳಗ ಕುರಿ. ಹುನಗುಂದ ತಾಲ್ಲೂಕಿನ ಅಮೀನಗಡದ ಕುರಿಸಂತೆಗೆ ದೂರದೂರದ ವ್ಯಾಪಾರಿಗಳು ಬರುತ್ತಾರೆ. ಕರದಂಟಿನಷ್ಟೇ ಟಗರಿಗೂ ಆ ಊರು ಹೆಸರುವಾಸಿ.

ಕುಗ್ಗಿದ ಊರು, ಸರಿದ ಊರು

ಎಲ್ಲ ಊರೂ ಪೂರ್ತಿ ಸಾಯುವುದಿಲ್ಲ. ಐಹೊಳೆ ಇದಕ್ಕೆ ಒಳ್ಳೆಯ ನಿದರ್ಶನ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ಹೆಸರು ದಕ್ಷಿಣ ಭಾರತದುದ್ದಕ್ಕೂ, ಶ್ರೀಲಂಕೆಯವರೆಗೂ ಶಾಸನಗಳಲ್ಲಿ ಹರಡಿದೆ. ಆ ಹೆಸರಿನ ಮೂಲಪಟ್ಟಣ ಕುಗ್ಗುತ್ತ ಕುಗ್ಗುತ್ತ ಒಂದು ಹಳ್ಳಿಯಾಯಿತು, ಉಳಿದ ಜನ ಗುಡಿಗಳನ್ನೇ ಮನೆ ಮಾಡಿಕೊಂಡರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಅದರಲ್ಲಿ ವಾಸವಾಗಿದ್ದವನಿಂದ. ಗೌಡರ ಗುಡಿಯ ಹೆಸರಿನಲ್ಲೂ ಊರಿನ ನೆನಪೇ ಇದೆ. ಗುಡಿಗಳು ರಕ್ಷಿತ ಸ್ಮಾರಕಗಳಾದ ಮೇಲೆ ಗುಡಿಯೊಳಗಿನ ಒಕ್ಕಲನ್ನು ಹೊರಗೆ ಕಳಿಸಿದರು. ಐಹೊಳೆ, ಪಟ್ಟದಕಲ್ಲುಗಳ ಮನೆಗಳನ್ನು ಸ್ಮಾರಕಗಳಿಂದ ದೂರಕ್ಕೆ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆಯುತ್ತಲೇ ಇದೆ. ಕಲ್ಲಿಗಾಗಿ ಮನುಷ್ಯರನ್ನು ಎಬ್ಬಿಸುವ ಈ ಬಗೆ ಇಂಗ್ಲೆಂಡಿನ ಬೇಲಿಗೆ ಇಲ್ಲಿ ಸಿಗುವ ಹತ್ತಿರದ ಹೋಲಿಕೆ ಎನ್ನಿಸುತ್ತದೆ.

ಸರಿದ ಊರುಗಳ ದೊಡ್ಡ ಅಧ್ಯಾಯ ಇಪ್ಪತ್ತನೆಯ ಶತಮಾನದ ಕೃಷ್ಣಾ ಮೇಲ್ದಂಡೆ ಯೋಜನೆಯದು. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ 1982ರಲ್ಲಿ ಸಿದ್ಧವಾಗಿ ಅದರ ಹಿನ್ನೀರು ಹುನಗುಂದ ತಾಲ್ಲೂಕಿನ ಕೂಡಲಸಂಗಮದವರೆಗೆ ಬಂತು. ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತ ಗೋಡೆ ಎತ್ತಿ, ನೀರಿನ ನಡುವೆ ಬಾವಿಯಂತೆ ಇಳಿಯುವ ಮಂಟಪ ಕಟ್ಟಿದ್ದು ಈ ಹಿನ್ನೀರಿನಿಂದಾಗಿ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದ ಗುಡಿ ಆಲಮಟ್ಟಿ ತುಂಬಿದಾಗ ಮುಳುಗಿ, ಬೇಸಿಗೆಯಲ್ಲಿ ಹೊರಬರುತ್ತದೆ. ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿ ಮುಳುಗಡೆಗೆ ಸಿಕ್ಕು ಜಾಗ ಬದಲಿಸಿತು. ಹಳೆಯ ಬಾಗಲಕೋಟೆಯ ತಗ್ಗಿನ ಬಡಾವಣೆಗಳು ಬರಿದಾಗಿ ನವನಗರ ಎದ್ದಿತು. 519.6 ಮೀಟರಿನಲ್ಲಿರುವ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಅವಕಾಶ ಕೊಟ್ಟಿತು. ಅದು ಜಾರಿಯಾದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ. ಮುಳುಗಡೆಯ ಊರುಗಳಿಗೂ ಹಳೆಯ ಹಾಳೂರುಗಳಿಗೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಬರದಲ್ಲಿ ಊರು ಬಿಟ್ಟವನಿಗೆ ಹೊಲ ಉಳಿದಿತ್ತು, ಮುಳುಗಡೆಯವನಿಗೆ ಪರಿಹಾರದ ಚೀಟಿ ಉಳಿಯಿತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ದಂಡೆಯ ಊರುಗಳು ಕೊಚ್ಚಿದವು. ಸರ್ಕಾರ ದಾನಿಗಳ ನೆರವಿನೊಂದಿಗೆ ‘ಆಸರೆ’ ಎಂಬ ಹೆಸರಿನಲ್ಲಿ ಎತ್ತರದ ಜಾಗಗಳಲ್ಲಿ ಸಾಲುಮನೆ ಕಟ್ಟಿಸಿತು. ಎಷ್ಟೋ ಕಡೆ ಜನ ಹೋಗಲಿಲ್ಲ, ಹೋದವರಲ್ಲಿ ಹಲವರು ಹಿಂತಿರುಗಿದರು. ದನ ಕಟ್ಟುವ ಗ್ವಾದಲಿಗೆ ಜಾಗವಿಲ್ಲ, ಹೊಲ ದೂರ, ನೀರಿಲ್ಲ ಎಂಬ ದೂರುಗಳು. ಹೀಗೆ ಹುಟ್ಟುವಾಗಲೇ ಬರಿದಾದ ಊರುಗಳೂ ಈ ಸೀಮೆಯ ಲೆಕ್ಕಕ್ಕೆ ಸೇರಿದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಬಂದಾಗ ಅದೇ ಹಳೆಯ ಮನೆಗಳು ಮತ್ತೊಮ್ಮೆ ನೀರುಂಡವು.

ಮುಚ್ಚುತ್ತಿರುವ ಮೇವಿನ ದಾರಿ

ಬೇಲಿಯ ಕಥೆ ಈ ಸೀಮೆಯಲ್ಲಿ ಈಗ ನಡೆಯುತ್ತಿದೆ. ಬ್ರಿಟಿಷರ ಕಾಲದಲ್ಲಿ ಬಾದಾಮಿ ಸುತ್ತಿನ ಗುಡ್ಡಗಳು ಮೀಸಲು ಅರಣ್ಯವಾದಾಗ ಮೊದಲ ಗೆರೆ ಬಿತ್ತು. ಇಳಕಲ್ ಸುತ್ತ ಕೆಂಪುಕಲ್ಲಿನ ಗಣಿಗಳು ತೆರೆದ ಮೇಲೆ ಗುಡ್ಡದ ಓರೆಯ ಮೇವು ಕಡಿಮೆಯಾಯಿತು. ದೇಶವಿದೇಶಗಳ ಕಟ್ಟಡಗಳಿಗೆ ಹೋಗುವ ಇಳಕಲ್ ಗ್ರಾನೈಟಿನ ಹಿಂದೆ ಕುರಿಗಾರನ ದೂರೂ ಇದೆ. ಗಾಯರಾಣಗಳು ನಿವೇಶನ, ಶಾಲೆ, ಕಚೇರಿಗಳಿಗೆ ಹಂಚಿಹೋದವು. ಹುನಗುಂದ ತಾಲ್ಲೂಕಿನ ರಾಮಥಾಳ ಹನಿ ನೀರಾವರಿ ಯೋಜನೆ ಸುಮಾರು 24 ಸಾವಿರ ಹೆಕ್ಟೇರಿಗೆ ಉದ್ದೇಶಿಸಿದ್ದು, ಸಮುದಾಯ ಹನಿ ನೀರಾವರಿಯಲ್ಲಿ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು. ನೀರು ಬಂದ ಹೊಲದಲ್ಲಿ ವರ್ಷಕ್ಕೆ ಎರಡು ಬೆಳೆ. ಎರಡು ಬೆಳೆಯ ನಡುವೆ ಕುರಿ ತರುಬಿಸುವ ಬಿಡುವಿಲ್ಲ, ಕೊಳವೆಗಳು ಹಾಸಿದ ಹೊಲಕ್ಕೆ ಹಿಂಡು ಇಳಿಸಲು ರೈತ ಒಪ್ಪುವುದೂ ಇಲ್ಲ. ಬಳ್ಳಾರಿ ಜಾಲಿ ಹಬ್ಬಿ ಹಾಳೂರುಗಳ ದಿಬ್ಬಗಳೇ ಒಳಹೋಗಲಾಗದ ಪೊದೆಗಳಾಗಿವೆ.

ತಿರುಗಾಟ ಕಡಿಮೆಯಾದಂತೆ ಕುರಿಗಾರರ ತಾತ್ಕಾಲಿಕ ಹಟ್ಟಿಗಳು ಗಟ್ಟಿ ಮನೆಗಳಾದವು. ಕುರುಬರಹಟ್ಟಿ, ಗೊಲ್ಲರಹಟ್ಟಿ, ಲಂಬಾಣಿ ತಾಂಡಾಗಳು ತಲೆಮಾರುಗಳಿಂದ ಜನ ತುಂಬಿಕೊಂಡಿದ್ದರೂ ಕಂದಾಯ ನಕ್ಷೆಯಲ್ಲಿ ಅವುಗಳಿಗೆ ಸ್ವಂತ ಹೆಸರಿರಲಿಲ್ಲ, ಮನೆಗೆ ಹಕ್ಕುಪತ್ರವಿರಲಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 2016ರ ತಿದ್ದುಪಡಿ ತಂದು, ಇಂಥ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ನಿವಾಸಿಗಳಿಗೆ ಹಕ್ಕುಪತ್ರ ಕೊಡಲು ದಾರಿ ಮಾಡಲಾಯಿತು. ಬೇಚರಾಕ್ ಗ್ರಾಮಗಳ ಹೆಸರಿರುವ ಕಂದಾಯ ಪಟ್ಟಿಗೇ ಈ ಹಟ್ಟಿ, ತಾಂಡಾಗಳ ಹೆಸರುಗಳೂ ಈಗ ಸೇರುತ್ತಿವೆ.